ಬಿಚ್ಚಿದರೂ ನೂಲು ನಿಮ್ಮದೇ

ಬಟ್ಟೆಗೆ ಕತ್ತರಿ ತಪ್ಪಾಗಿ ಬಿದ್ದರೆ ಬಟ್ಟೆಯೇ ದಂಡ. ಕ್ರೋಶಾ ಮತ್ತು ಹೆಣಿಗೆಯಲ್ಲಿ ಹಾಗಾಗುವುದಿಲ್ಲ. ತುದಿ ಹಿಡಿದು ಎಳೆದರೆ ಹಾಕಿದ್ದೆಲ್ಲ ಬಿಚ್ಚಿಕೊಂಡು, ನೂಲು ಇದ್ದಷ್ಟೂ ಕೈಗೆ ವಾಪಸ್ ಬರುತ್ತದೆ. ಮನೆಯಲ್ಲೇ ಕುಳಿತು ಕಲಿಯುವ ಕೆಲಸಗಳಲ್ಲಿ ತಪ್ಪನ್ನು ಇಷ್ಟು ಸಲೀಸಾಗಿ ಕ್ಷಮಿಸುವ ಕೆಲಸ ಅಪರೂಪ. ಆದರೂ ಎಷ್ಟೋ ಮನೆಗಳ ಬೀರುವಿನಲ್ಲಿ ಅರ್ಧಕ್ಕೆ ನಿಂತ ಸ್ವೆಟರು, ಮೂಲೆ ಸೇರಿದ ಉಲ್ಲನ್ ಉಂಡೆಗಳು ಇರುತ್ತವೆ. ಹೆಂಗಸರ ಕೈಯಲ್ಲಿ ಚುರುಕಿಲ್ಲದೆ ಹೀಗಾಗಿದೆ ಎಂದು ನಾನು ಒಪ್ಪುವುದಿಲ್ಲ. ಮೊದಲು ಹಿಡಿದ ವಸ್ತು ದೊಡ್ಡದಾಯಿತು, ಲೆಕ್ಕ ತಪ್ಪಿತು, ಬಿಚ್ಚಲು ಮನಸ್ಸು ಬರಲಿಲ್ಲ. ಮುಕ್ಕಾಲು ಪಾಲು ಕಾರಣ ಇವೇ. ಹೊಸದಾಗಿ ಕಡ್ಡಿ ಹಿಡಿಯುವವರಿಗೆ, ಸೀರೆ ಕುಚ್ಚು ಹಾಕಿ ನಾಲ್ಕು ಕಾಸು ನೋಡಬೇಕು ಎಂದುಕೊಂಡವರಿಗೆ ಈ ಕೆಲವು ಸೂತ್ರಗಳು.

1. ಒಂದು ಸಂಜೆಗೆ ಮುಗಿಯುವುದನ್ನು ಮೊದಲು ಹಿಡಿಯಿರಿ

ಗಂಡನಿಗೆ ಸ್ವೆಟರು, ಮಗಳ ಹಾಸಿಗೆಗೆ ಹೊದಿಕೆ ಎಂದು ಶುರು ಮಾಡಬೇಡಿ. ಲೋಟ ಇಡುವ ಸಣ್ಣ ಮ್ಯಾಟು, ತಲೆಗೆ ಕಟ್ಟುವ ಪಟ್ಟಿ, ಮೊಬೈಲ್ ಚೀಲ ಸಾಕು. ಹೊಸಬರಿಗೆ ಹೊಲಿಗೆ ಕಲಿಯುವುದಕ್ಕಿಂತ ಮುಗಿಸುವುದನ್ನು ಕಲಿಯುವುದೇ ಕಷ್ಟ. ಕೊನೆಯ ಕುಣಿಕೆ ಬಿಗಿದು, ನೂಲು ಕತ್ತರಿಸಿ, ತುದಿ ಒಳಗೆ ಸೇರಿಸಿ ‘ಆಯಿತು’ ಎನ್ನುವ ಅನುಭವ ಮೊದಲ ವಾರದಲ್ಲೇ ನಾಲ್ಕು ಸಲ ಆಗಲಿ. ಮಫ್ಲರ್ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಸುಲಭ ಹೌದು, ಆದರೆ ಒಂದೂವರೆ ಮೀಟರ್ ಒಂದೇ ಹೊಲಿಗೆ ಹಾಕುವಷ್ಟು ತಾಳ್ಮೆ ಎರಡನೇ ತಿಂಗಳಿಗೆ ಬರುತ್ತದೆ, ಮೊದಲ ದಿನವೇ ಬರುವುದಿಲ್ಲ.

2. ಮೊದಲ ನೂಲು ತಿಳಿಬಣ್ಣದ್ದಿರಲಿ

ಕಪ್ಪು, ಕಡುನೀಲಿ ನೂಲಿನಲ್ಲಿ ಕುಣಿಕೆ ಎಲ್ಲಿದೆ ಎಂದು ಕಣ್ಣಿಗೇ ಕಾಣುವುದಿಲ್ಲ. ರೋಮ ಎದ್ದಿರುವ ಮೆತ್ತನೆಯ ಉಲ್ಲನ್ ಅಂಗಡಿಯಲ್ಲಿ ಚೆಂದ, ಕಲಿಯುವಾಗ ಶತ್ರು. ತಿಳಿಹಳದಿ, ತಿಳಿಗುಲಾಬಿ ಯಾವುದಾದರೂ ಸರಿ, ನುಣುಪಾದ ಮಧ್ಯಮ ದಪ್ಪದ ನೂಲು ತನ್ನಿ. ಜೊತೆಗೆ 4 ಅಥವಾ 5 ಮಿ.ಮೀ. ಕಡ್ಡಿ. ಸಣ್ಣ ಸ್ಟೀಲ್ ಕಡ್ಡಿಯಲ್ಲಿ ಸಪೂರ ದಾರದ ಕ್ರೋಶಾ ಹಾಕುವ ಆಸೆ ಇದ್ದರೂ ಅದನ್ನು ನಂತರಕ್ಕೆ ಇಡಿ.

3. ಕಡ್ಡಿಯ ನಂಬರಿಗಿಂತ ಮಿಲಿಮೀಟರ್ ನೋಡಿ

ನಮ್ಮ ಅಂಗಡಿಗಳಲ್ಲಿ ‘ಎಂಟು ನಂಬರ್ ಕೊಡಿ, ಹತ್ತು ನಂಬರ್ ಕೊಡಿ’ ಎನ್ನುವ ಹಳೆಯ ರೂಢಿ ಇನ್ನೂ ಇದೆ. ಅದು ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಹೆಣಿಗೆ ಕಡ್ಡಿ ಸಪೂರ: 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ., 12 ಎಂದರೆ 2.75 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ಪೂರ್ತಿ ತಿರುವು ಮುರುವು. ಅಲ್ಲಿನ 8ನೇ ನಂಬರ್ 5 ಮಿ.ಮೀ. ಅತ್ತೆಯ ಕಾಲದ ಕಡ್ಡಿ ಕೈಯಲ್ಲಿ ಹಿಡಿದು ಯೂಟ್ಯೂಬಿನ ಅಮೆರಿಕನ್ ಪಾಠ ನೋಡಿ ಹಾಕಿದರೆ ಟೋಪಿ ಗೊಂಬೆಗೆ ಆಗುವಷ್ಟು ಚಿಕ್ಕದಾಗುವುದು ಇದರಿಂದಲೇ. ಕಡ್ಡಿಯ ಮೇಲೆ ಮಿ.ಮೀ. ಅಚ್ಚಾಗಿದ್ದರೆ ಅದನ್ನೇ ನಂಬಿ. ಅಚ್ಚು ಅಳಿಸಿದ್ದರೆ, ಬೇರೆ ಬೇರೆ ಅಳತೆಯ ತೂತು ಇರುವ ಗೇಜ್ ಪಟ್ಟಿ ಸಿಗುತ್ತದೆ, ಒಂದು ಕೊಂಡಿಟ್ಟುಕೊಳ್ಳಿ. ದುಬಾರಿ ವಿದೇಶಿ ಕಡ್ಡಿಯೇ ಬೇಕೆಂದಿಲ್ಲ. 1949ರಲ್ಲಿ ಹುಟ್ಟಿದ ಸೂಜಿ ಕಂಪನಿಯೊಂದರ ಕಾರ್ಖಾನೆ ನಮ್ಮ ಪಕ್ಕದ ನೀಲಗಿರಿಯ ಕೇತಿಯಲ್ಲೇ ಇದೆ. ಕಲಿಯುವುದಕ್ಕೆ ಇಲ್ಲಿ ತಯಾರಾಗುವ ಕಡ್ಡಿ ಧಾರಾಳ ಸಾಕು.

4. ಪಾಠ ಯಾವ ದೇಶದ್ದು ಎಂದು ಮೊದಲೇ ತಿಳಿಯಿರಿ

ಕ್ರೋಶಾ ಕಲಿಯುವವರನ್ನು ಕಂಗೆಡಿಸುವ ಗೊಂದಲ ಇನ್ನೊಂದಿದೆ. ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವ ಗಿಡ್ಡ ಹೊಲಿಗೆಯನ್ನು ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಒಂದೇ ಹೆಸರು, ಎರಡು ಎತ್ತರ. ಪತ್ತೆ ಹಚ್ಚುವುದು ಸುಲಭ: ಪಾಠದಲ್ಲಿ ‘ಸಿಂಗಲ್ ಕ್ರೋಶೆ’ ಎಂಬ ಮಾತು ಬಂದರೆ ಅದು ಅಮೆರಿಕದ ಲೆಕ್ಕ. ಈಗಿನ ಬ್ರಿಟಿಷ್ ಲೆಕ್ಕದಲ್ಲಿ ಆ ಹೆಸರಿನ ಹೊಲಿಗೆಯೇ ಇಲ್ಲ. ಹಳೆಯ ಪುಸ್ತಕಗಳನ್ನು ನೋಡಿ ಹಾಕುವವರು, ಇಂಟರ್ನೆಟ್ಟಿನಲ್ಲಿ ಕಲಿಯುವವರು ಒಂದೇ ಮನೆಯಲ್ಲಿದ್ದರೆ ಇದನ್ನು ಮೊದಲೇ ಮಾತಾಡಿಕೊಂಡುಬಿಡಿ.

5. ಕೈಯನ್ನು ಬಿಡಿ, ಹಾಕಿದ್ದನ್ನು ನೋಡಿ

ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಇದೇ ದೊಡ್ಡ ಸೂತ್ರ. ಹೊಸಬರು ಬೆರಳು ಹೇಗೆ ಆಡುತ್ತಿದೆ ಎಂದೇ ನೋಡುತ್ತಿರುತ್ತಾರೆ. ಪಳಗಿದವರ ಕಣ್ಣು ಬೆರಳಿನ ಕೆಳಗೆ ಇಳಿಯುತ್ತಿರುವ ಹೆಣಿಗೆಯ ಮೇಲೆ ಇರುತ್ತದೆ. ತಪ್ಪಾದರೆ ಎಲ್ಲಿ, ಯಾಕೆ ಎಂದು ಅದೇ ಹೇಳುತ್ತದೆ.

ಉದಾಹರಣೆಗೆ, ಚೌಕವಾಗಿ ಬರಬೇಕಾದ ಕ್ರೋಶಾ ತುಂಡು ಮೇಲೆ ಹೋಗುತ್ತಾ ಕಿರಿದಾಗಿ ತ್ರಿಕೋನವಾಯಿತು ಎನ್ನಿ. ಎಲ್ಲರಿಗೂ ಆಗುವ ತಾಪತ್ರಯ ಇದು. ಎತ್ತರದ ಹೊಲಿಗೆಯಲ್ಲಿ (ಅಮೆರಿಕದ ಡಬಲ್) ಸಾಲು ತಿರುಗಿಸುವಾಗ 3 ಚೈನ್ ಹಾಕುತ್ತೇವೆ. ಬಹುತೇಕ ಪಾಠಗಳಲ್ಲಿ ಆ 3 ಚೈನೇ ಹೊಸ ಸಾಲಿನ ಮೊದಲ ಹೊಲಿಗೆ ಎಂದು ಲೆಕ್ಕ. ಹಾಗಾಗಿ ಸಾಲಿನ ಕೊನೆ ಮುಟ್ಟಿದಾಗ, ಹಿಂದಿನ ಸಾಲಿನ ಆ ಚೈನಿನ ನೆತ್ತಿಗೂ ಒಂದು ಹೊಲಿಗೆ ಬೀಳಬೇಕು. ಅದು ಹೊಲಿಗೆಯ ಹಾಗೆ ಕಾಣದೆ ಇರುವುದರಿಂದ ನಾವು ಬಿಟ್ಟುಬಿಡುತ್ತೇವೆ. ಸಾಲಿಗೊಂದು ಬಿಟ್ಟರೆ 20 ಸಾಲಿಗೆ 20 ಹೊಲಿಗೆ ಮಾಯ. ತಿರುಗಿಸಿದ ಕೂಡಲೇ ಆ ಚೈನಿನ ತುದಿಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿ, ವಾಪಸ್ ಬರುವಾಗ ಪಿನ್ ಇದ್ದಲ್ಲಿ ಹೊಲಿಗೆ ಹಾಕಿ. ಒಂದು ವಾರದಲ್ಲಿ ಪಿನ್ ಬೇಕಾಗುವುದಿಲ್ಲ.

ದುಂಡಗಿನ ಮ್ಯಾಟಿಗೂ ಲೆಕ್ಕ ಇದೆ. ಗಿಡ್ಡ ಹೊಲಿಗೆಯಲ್ಲಾದರೆ 6ರಿಂದ ಶುರು ಮಾಡಿ ಪ್ರತಿ ಸುತ್ತಿಗೆ 6 ಹೊಲಿಗೆ ಹೆಚ್ಚಿಸಬೇಕು. ಎತ್ತರದ ಹೊಲಿಗೆಯಲ್ಲಾದರೆ 12ರಿಂದ ಶುರು, ಸುತ್ತಿಗೆ 12 ಹೆಚ್ಚು. ಮ್ಯಾಟಿನ ಅಂಚು ಬಟ್ಟಲಿನ ಹಾಗೆ ಮೇಲೆದ್ದರೆ ಹೆಚ್ಚಿಸಿದ್ದು ಸಾಲದು. ಅಂಚು ನೆರಿಗೆ ನೆರಿಗೆಯಾಗಿ ಅಲೆಯೆದ್ದರೆ ಹೆಚ್ಚಿಸಿದ್ದು ಅತಿಯಾಯಿತು. ದುಂಡಗೆ ಬರುವ ಬದಲು ಆರು ಮೂಲೆ ಕಾಣಿಸಿಕೊಂಡರೆ, ಪ್ರತಿ ಸುತ್ತಿನಲ್ಲೂ ಒಂದರ ನೆತ್ತಿಗೆ ಒಂದರಂತೆ ಅದೇ ಜಾಗದಲ್ಲಿ ಹೆಚ್ಚಿಸಿದ್ದೀರಿ. ಮುಂದಿನ ಸುತ್ತಿನಲ್ಲಿ ಜಾಗ ಸರಿಸಿ. ಇಷ್ಟು ಗೊತ್ತಿದ್ದರೆ ಪಾಠವಿಲ್ಲದೆಯೂ ಎಷ್ಟು ಅಗಲದ ಮ್ಯಾಟು ಬೇಕಾದರೂ ಹಾಕಬಹುದು. ಇನ್ನು ಮೇಲೆ ದುಂಡಗಿನ ಚೀಲದ ತಳ, ಟೋಪಿಯ ನೆತ್ತಿ ಎಲ್ಲವೂ ನಿಮ್ಮದೇ, ಏಕೆಂದರೆ ಎಲ್ಲ ಇದೇ ಲೆಕ್ಕ.

ಹೆಣಿಗೆಯಲ್ಲೂ ಹೀಗೇ. ಒಂದು ಬದಿ ಪೂರ್ತಿ ನಿಟ್, ಇನ್ನೊಂದು ಬದಿ ಪೂರ್ತಿ ಪರ್ಲ್ ಹಾಕಿದ ತುಂಡು ಅಂಚಿನಲ್ಲಿ ಸುರುಳಿ ಸುತ್ತಿಯೇ ಸುತ್ತುತ್ತದೆ. ನಿಮ್ಮ ಕೈ ಬಿಗಿಯಾದ್ದರಿಂದ ಹಾಗಾಗುತ್ತಿಲ್ಲ, ಆ ಹೆಣಿಗೆಯ ಗುಣವೇ ಅದು. ಎರಡೂ ಬದಿ ನಿಟ್ ಹಾಕಿದರೆ ಚಪ್ಪಟೆಯಾಗಿ ಕೂರುತ್ತದೆ. ಅದಕ್ಕೇ ಅಂಚಿಗೆ ನಾಲ್ಕು ಸಾಲು ಹಾಗೆ ಹಾಕುವುದು.

6. ಸಣ್ಣ ತುಂಡು ಹಾಕಿ, ತೊಳೆದು, ಆಮೇಲೆ ಅಳೆಯಿರಿ

ಮೈಗೆ ಹಾಕುವ ವಸ್ತುವಾದರೆ ಇದನ್ನು ಬಿಡಲೇಬೇಡಿ. ಅದೇ ನೂಲು, ಅದೇ ಕಡ್ಡಿಯಲ್ಲಿ 15 ಸೆಂ.ಮೀ. ಅಗಲದ ಚೌಕ ಹಾಕಿ. ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೇ ಅದನ್ನು ಒಗೆದು, ನೆಲದ ಮೇಲೆ ಹರಡಿ ಒಣಗಿಸಿ. ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಹೊಲಿಗೆ ಇವೆ ಎಂದು ಎಣಿಸಿ.

ಪಾಠದಲ್ಲಿ 10 ಸೆಂ.ಮೀ.ಗೆ 22 ಹೊಲಿಗೆ ಇದ್ದು, 45 ಸೆಂ.ಮೀ. ಅಗಲದ ಬೆನ್ನಿಗೆ 99 ಹೊಲಿಗೆ ಹಾಕಿ ಎಂದಿದೆ ಎನ್ನಿ. ನಿಮ್ಮ ಕೈ ಸ್ವಲ್ಪ ಸಡಿಲ, 20 ಹೊಲಿಗೆ ಬರುತ್ತಿದೆ. ಎರಡು ಹೊಲಿಗೆ ಅಲ್ಲವೇ, ಏನಾದೀತು ಎಂದು ಮುಂದುವರಿದರೆ ಆ 99 ಹೊಲಿಗೆ 49.5 ಸೆಂ.ಮೀ. ಆಗುತ್ತದೆ. ಎದೆ, ಬೆನ್ನು ಎರಡೂ ಸೇರಿ ಸ್ವೆಟರು 9 ಸೆಂ.ಮೀ. ಹೆಚ್ಚು ದೊಡ್ಡದು. ಕಡ್ಡಿಯನ್ನು ಒಂದು ಅಳತೆ ಸಪೂರ ಮಾಡಿಕೊಂಡು ಇನ್ನೊಂದು ಚೌಕ ಹಾಕಿ ನೋಡಿ. ಹೊಲಿಗೆ ಹೆಚ್ಚು ಬಂದರೆ ದಪ್ಪ ಕಡ್ಡಿ. ಕೈಯನ್ನೇ ಬಿಗಿ ಮಾಡಿ ಸರಿಪಡಿಸುತ್ತೇನೆ ಎಂದು ಹೋಗಬೇಡಿ. ಕೈಗೆ ಅದರದೇ ಓಟ ಇರುತ್ತದೆ, ಹತ್ತು ಸಾಲಿನ ನಂತರ ಅದು ತನ್ನ ಓಟಕ್ಕೇ ಮರಳುತ್ತದೆ.

7. ಬಿಚ್ಚುವುದನ್ನೂ ಒಂದು ವಿದ್ಯೆಯಾಗಿ ಕಲಿಯಿರಿ

ಕ್ರೋಶಾದಲ್ಲಿ ಜೀವಂತ ಕುಣಿಕೆ ಒಂದೇ. ಕಡ್ಡಿ ತೆಗೆದು ಎಳೆದು, ತಪ್ಪಾದ ಜಾಗದವರೆಗೆ ಬಿಚ್ಚಿ, ಆ ಕುಣಿಕೆಗೆ ಕಡ್ಡಿ ಸಿಕ್ಕಿಸಿದರೆ ಮುಗಿಯಿತು. ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ, ಆದ್ದರಿಂದ ಭಯ. ಅದಕ್ಕೊಂದು ಉಪಾಯ ಇದೆ. ಕಷ್ಟದ ವಿನ್ಯಾಸ ಶುರು ಮಾಡುವ ಮುಂಚೆ, ಬೇರೆ ಬಣ್ಣದ ಸಪೂರ ದಾರವನ್ನು ದಬ್ಬಳಕ್ಕೆ ಪೋಣಿಸಿ ಆ ಸಾಲಿನ ಎಲ್ಲ ಕುಣಿಕೆಗಳ ಒಳಗೆ ಹಾಯಿಸಿಬಿಡಿ. ಮುಂದೆ ಎಷ್ಟೇ ಕೆಟ್ಟರೂ ಧೈರ್ಯವಾಗಿ ಎಳೆಯಿರಿ, ಬಿಚ್ಚುವುದು ಆ ದಾರದ ಹತ್ತಿರ ಬಂದು ನಿಲ್ಲುತ್ತದೆ. ಒಂದೇ ಕುಣಿಕೆ ಜಾರಿ ಕೆಳಗಿಳಿದಿದ್ದರೆ ಸಾಲುಗಳನ್ನು ಬಿಚ್ಚುವುದೂ ಬೇಡ. ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಎಳೆದುಕೊಂಡು ಬನ್ನಿ.

ಬಿಚ್ಚಿದ ಉಲ್ಲನ್ ಗುಂಗುರು ಕಟ್ಟಿರುತ್ತದೆ. ಅದನ್ನು ಹಾಗೇ ಬಳಸಿದರೆ ಹೊಸ ಹೆಣಿಗೆ ಉಬ್ಬುತಗ್ಗಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಲ್ಲಿ ನೇತುಹಾಕಿ. ನಮ್ಮ ತಾಯಂದಿರು ಮಕ್ಕಳಿಗೆ ಚಿಕ್ಕದಾದ ಸ್ವೆಟರನ್ನು ಬಿಚ್ಚಿ, ಇನ್ನೊಂದು ಬಣ್ಣ ಸೇರಿಸಿ ಮತ್ತೆ ದೊಡ್ಡದು ಹಾಕುತ್ತಿದ್ದದ್ದು ಹೀಗೆಯೇ. ಅಂಗಡಿಯ ರೆಡಿಮೇಡ್ ಸ್ವೆಟರಿನಿಂದ ನೂಲು ತೆಗೆಯುವ ಯೋಚನೆ ಇದ್ದರೆ ಮೊದಲು ಒಳಗಿನ ಜೋಡಣೆ ನೋಡಿ. ಬಟ್ಟೆ ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಉದ್ದ ನೂಲು ಸಿಗದು, ತುಂಡು ತುಂಡೇ ಕೈಗೆ ಬರುವುದು.

8. ಲಾಟ್ ನಂಬರ್ ನೋಡಿ, ನೂಲು ಒಮ್ಮೆಗೇ ಕೊಳ್ಳಿ

ಒಂದೇ ಕಂಪನಿಯ ಒಂದೇ ಬಣ್ಣವಾದರೂ ಬೇರೆ ಸಲ ಬಣ್ಣ ಕಟ್ಟಿದ ನೂಲು ಕೂದಲೆಳೆಯಷ್ಟು ಬೇರೆ ಇರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ಆ ವ್ಯತ್ಯಾಸ ಮುಗಿದ ಸ್ವೆಟರಿನ ತೋಳಿನಲ್ಲಿ ಎದ್ದು ಕಾಣುತ್ತದೆ. ಲೇಬಲ್ ಮೇಲೆ ಅಚ್ಚಾಗಿರುವ ಲಾಟ್ ನಂಬರ್ ಎಲ್ಲ ಉಂಡೆಗಳಲ್ಲೂ ಒಂದೇ ಇರಲಿ, ಒಂದು ಉಂಡೆ ಹೆಚ್ಚಿಗೇ ಇರಲಿ.

9. ಊರಿನ ಹವೆಗೆ, ವಸ್ತುವಿನ ಕೆಲಸಕ್ಕೆ ತಕ್ಕ ನೂಲು

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದರಲ್ಲಿ ತಪ್ಪೇನಿಲ್ಲ. ಬೆಲೆ ಕಡಿಮೆ, ಒಗೆಯಲು ಸುಲಭ, ಬಣ್ಣ ನೂರಾರು. ಆದರೆ ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಅದರ ಪುಟಿಯುವ ಗುಣ ಹೋಗಿ ಜೋತುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಶಾಖಕ್ಕೆ ಕರಗುತ್ತದೆ ಕೂಡ. ಆದ್ದರಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಕುಕ್ಕರ್ ಇಡುವ ಮ್ಯಾಟು ಹತ್ತಿ ನೂಲಿನಲ್ಲೇ ಹಾಕಬೇಕು. ದೇವರ ಮನೆಯ ತೋರಣ ಯಾವ ನೂಲಿನದಾದರೂ ದೀಪದಿಂದ ದೂರ ಕಟ್ಟಿ. ನಿಜವಾದ ಕುರಿ ಉಣ್ಣೆಯಾದರೆ ಬಿಸಿನೀರು, ತಿಕ್ಕಾಟ ಎರಡೂ ಆಗದು, ಮುದುಡಿ ಗಟ್ಟಿಯಾಗಿಬಿಡುತ್ತದೆ. ಹತ್ತಿ ನೂಲು ತೂಕ ಹೆಚ್ಚು, ಉದ್ದನೆಯ ಕೋಟು ಹಾಕಿದರೆ ತನ್ನ ಭಾರಕ್ಕೇ ಇನ್ನಷ್ಟು ಉದ್ದವಾಗುತ್ತದೆ.

ಮಡಿಕೇರಿಯ ಮಳೆಗಾಲಕ್ಕೆ ಸಲ್ಲುವ ದಪ್ಪ ಟೋಪಿ ಮಂಗಳೂರಿನ ಕೂಸಿಗೆ ಹಿಂಸೆ. ಕರಾವಳಿಯ ಮಗುವಿಗೆ, ರಾಯಚೂರು ಬಳ್ಳಾರಿಯ ಮಗುವಿಗೆ ಸಪೂರ ಹತ್ತಿ ನೂಲಿನ ಕುಲಾವಿ ಹಾಕಿ. ಕೂಸಿನ ಯಾವ ವಸ್ತುವಿಗೂ ಮಣಿ, ಗುಂಡಿ, ಕತ್ತಿಗೆ ಸುತ್ತಿಕೊಳ್ಳುವಂಥ ಉದ್ದ ದಾರ ಬೇಡವೇ ಬೇಡ. ಕಾಲುಚೀಲ, ಕೈಗವಸುಗಳಲ್ಲಿ ದೊಡ್ಡ ರಂಧ್ರದ ವಿನ್ಯಾಸವೂ ಬೇಡ, ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಾದ ಹೊಲಿಗೆಯೇ ಕ್ಷೇಮ.

10. ಹಿಂಬದಿಯನ್ನೂ ಮುಂಬದಿಯಂತೆ ಮಾಡಿ

ಧಾರವಾಡ ಕಡೆಯ ಕಸೂತಿ ಇಟ್ಟ ಒಳ್ಳೆಯ ಇಳಕಲ್ ಸೀರೆ ಸಿಕ್ಕರೆ ಒಮ್ಮೆ ಸೆರಗು ತಿರುಗಿಸಿ ನೋಡಿ. ಗಂಟು ಇಲ್ಲ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ಥರ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ನವಿಲುಗಳನ್ನು ತಂದ ಆ ಹೆಂಗಸರು ಹಿಂಬದಿಯಲ್ಲೂ ದಾರಿ ತಪ್ಪಲಿಲ್ಲ. ಅವರ ಎಣಿಕೆಯ ಮುಂದೆ ನಮ್ಮ ಚೈನು, ಸಾಲುಗಳ ಎಣಿಕೆ ಏನೂ ಅಲ್ಲ ಎಂದು ನನಗೆ ಸದಾ ಅನ್ನಿಸುತ್ತದೆ.

ಕ್ರೋಶಾ, ಹೆಣಿಗೆಯಲ್ಲಿ ಇದನ್ನು ಹೀಗೆ ಪಾಲಿಸಬಹುದು. ನೂಲಿಗೆ ನೂಲು ಗಂಟು ಹಾಕಬೇಡಿ. ಗಂಟು ಒಂದು ದಿನ ಬಿಚ್ಚುತ್ತದೆ, ಅಲ್ಲಿಯತನಕ ಮೈಗೆ ಚುಚ್ಚುತ್ತದೆ. ಹೊಸ ನೂಲು ಸಾಲಿನ ತುದಿಯಲ್ಲಿ ಸೇರಿಸಿ, ಎರಡೂ ನೂಲಿಗೆ ಒಂದು ಗೇಣು ಬಾಲ ಬಿಡಿ. ಕೊನೆಗೆ ಮೊಂಡು ತುದಿಯ ದಬ್ಬಳದಿಂದ ಆ ಬಾಲವನ್ನು ಹಿಂಬದಿಯ ಹೊಲಿಗೆಗಳ ಒಳಗೆ ಒಂದು ದಿಕ್ಕಿಗೆ ಹಾಯಿಸಿ, ತಿರುಗಿಸಿ ಇನ್ನೊಂದು ದಿಕ್ಕಿಗೂ ಹಾಯಿಸಿ. ನಂತರವೇ ಕತ್ತರಿ.

11. ಹಳೆ ಬಟ್ಟೆಯೂ ನೂಲೇ

ಹಳೆಯ ಕಾಟನ್ ಟೀ ಶರ್ಟನ್ನು ತೋಳಿನ ಕೆಳಗೆ ಅಡ್ಡ ಕತ್ತರಿಸಿ, ಉಳಿದ ಕೊಳವೆಯಂಥ ಭಾಗವನ್ನು ಎರಡು ಸೆಂ.ಮೀ. ಅಗಲಕ್ಕೆ ಸುತ್ತುಸುತ್ತಾಗಿ ಕತ್ತರಿಸುತ್ತಾ ಹೋದರೆ ಉದ್ದನೆಯ ಒಂದೇ ಪಟ್ಟಿ ಸಿಗುತ್ತದೆ. ಎಳೆದಾಗ ಅದು ಮಡಚಿಕೊಂಡು ದುಂಡನೆಯ ದಪ್ಪ ದಾರವಾಗುತ್ತದೆ. 10 ಮಿ.ಮೀ. ಕ್ರೋಶಾ ಕಡ್ಡಿಯಲ್ಲಿ ಕಾಲೊರೆಸುವ ಮ್ಯಾಟು ಒಂದು ಮಧ್ಯಾಹ್ನದ ಕೆಲಸ. ಹಳೇ ನೂಲಿನ ಸೀರೆಯ ಪಟ್ಟಿಯಿಂದಲೂ ಆಗುತ್ತದೆ. ಮಣಿಕಟ್ಟಿಗೆ ಸ್ವಲ್ಪ ಭಾರ, ಹಾಗಾಗಿ ನಡುನಡುವೆ ನಿಲ್ಲಿಸಿ.

ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೇ ಸವೆದ ಸೀರೆ, ಧೋತರಗಳಿಂದ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹಾಕುವ ಕವಂದಿ ಎಂಬ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಫುಲಾ ಎಂಬ ಮಡಚಿದ ಬಟ್ಟೆಯ ಹೂವು ಇಟ್ಟರೇ ಅದು ಪೂರ್ತಿಯಾದಂತೆ. ಬಣ್ಣ ಹೊಂದಿಸುವುದನ್ನು ಕಲಿಯಬೇಕೆಂದರೆ ಪುಸ್ತಕ ಬೇಡ, ಒಂದು ಕವಂದಿಯ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ.

12. ಸೀರೆ ಕುಚ್ಚಿಗೆ ದಾರಕ್ಕಿಂತ ಮೊದಲು ಟೇಪು

ಇವತ್ತು ನಮ್ಮಲ್ಲಿ ಕ್ರೋಶಾ ಕಡ್ಡಿಯಿಂದ ಮನೆಯಲ್ಲೇ ಸಂಪಾದನೆ ಆಗುವ ದಾರಿ ಯಾವುದು ಎಂದರೆ ನಾನು ಮೊದಲು ಹೇಳುವುದು ಸೀರೆ ಕುಚ್ಚು. ಮದುವೆ ಸೀರೆಗೆ ಕುಚ್ಚಿಲ್ಲದೆ ಆಗುವುದಿಲ್ಲ ಎಂಬಂತಾಗಿದೆ. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು ಎಂದು ಬಗೆಗಳೂ ಬೆಳೆದಿವೆ. ಕೆಲಸ ಕೆಡುವುದು ಹೆಚ್ಚಾಗಿ ಸೆರಗಿನ ಕೊನೆಯ ಮೂರು ಇಂಚಿನಲ್ಲಿ. ವಿನ್ಯಾಸ ಮುಗಿಯುವ ಮೊದಲೇ ಸೀರೆ ಮುಗಿದಿರುತ್ತದೆ.

ಸೆರಗು 46 ಇಂಚು ಅಗಲ, ಒಂದು ಕುಚ್ಚು ಮತ್ತು ಅದರ ಪಕ್ಕದ ಜಾಗ ಸೇರಿ ಒಂದೂವರೆ ಇಂಚು ಎಂದುಕೊಳ್ಳಿ. ಭಾಗಿಸಿದರೆ 30ಕ್ಕಿಂತ ಸ್ವಲ್ಪ ಹೆಚ್ಚು, ಸರಿಯಾಗಿ ಕೂರುವುದಿಲ್ಲ. 32 ಎಂದು ನಿಶ್ಚಯಿಸಿ. ಸೆರಗನ್ನು ಎರಡು ಮಡಿಕೆ, ಮತ್ತೆ ಎರಡು ಮಡಿಕೆ ಮಾಡಿ ಮೂರು ಕಡೆ ಗುಂಡುಪಿನ್ನಿನ ಬದಲು ದಾರದ ಗುರುತು ಹಾಕಿ, ರೇಷ್ಮೆಗೆ ಪಿನ್ನಿನ ತೂತು ಉಳಿಯುತ್ತದೆ. ಒಂದೊಂದು ಕಾಲುಭಾಗಕ್ಕೂ 8 ಕುಚ್ಚು ಬಂದರೆ ಸರಿ. ತಪ್ಪಿದ್ದು ಮೊದಲ ಕಾಲುಭಾಗದಲ್ಲೇ ಗೊತ್ತಾಗುತ್ತದೆ, ಬಿಚ್ಚಬೇಕಾದ್ದು ಎಂಟೇ.

ಸೀರೆ ಕೈಗೆ ತೆಗೆದುಕೊಳ್ಳುವಾಗಲೇ ಕೆಲವು ಮಾತು ಆಗಿಬಿಡಲಿ. ಬ್ಲೌಸ್ ಪೀಸ್ ಕತ್ತರಿಸಿ ಆಗಿದೆಯೇ? ಸೆರಗು ಯಾವ ತುದಿ? ಸೆರಗಿನ ತುದಿಯ ಎಳೆಗಳನ್ನು ಬಿಟ್ಟಿದ್ದಾರೆಯೇ, ಅಂಚು ಹೊಲಿದಿದೆಯೇ? ಮೊದಲೇ ಕಲೆ ಇದ್ದರೆ ಅವರ ಎದುರಿಗೇ ಫೋಟೋ ತೆಗೆಯಿರಿ. ದಾರದ ಬಣ್ಣವನ್ನು ಹಗಲು ಬೆಳಕಿನಲ್ಲೇ ಒಪ್ಪಿಸಿ. ಕೆಂಪು, ಕಡುಹಸಿರು ದಾರವನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿ. ತೆಳು ಕ್ರೇಪ್, ಶಿಫಾನಿಗೆ ಭಾರದ ಮಣಿ ಬೇಡ, ಸೆರಗು ಎಳೆದು ಜೋಲುತ್ತದೆ. ರೇಷ್ಮೆ ದಾರದ ಎಷ್ಟು ಎಳೆ ಸೇರಿಸಿ ಹಾಕಿದಿರಿ, ಕಡ್ಡಿ ಎಷ್ಟು ಮಿ.ಮೀ., ಮಣಿ ಯಾವ ಅಳತೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಎರಡು ಕುಚ್ಚಿನ ಮಾದರಿ ಹೊಲಿದಿಡಿ. ಮುಂದಿನ ವರ್ಷ ಅದೇ ಮನೆಯ ತಂಗಿಯ ಮದುವೆಗೆ ‘ಅಕ್ಕನಿಗೆ ಹಾಕಿದ್ದೇ ಬೇಕು’ ಎಂದು ಬರುತ್ತಾರೆ. ಆಗ ಆ ನೋಟ್‌ಬುಕ್ಕಿನ ಬೆಲೆ ತಿಳಿಯುತ್ತದೆ.

13. ನಿಮ್ಮ ಗಂಟೆಗೆ ಬೆಲೆ ಕಟ್ಟಿ

ಒಂದು ಮ್ಯಾಟಿಗೆ 120 ರೂಪಾಯಿ ನೂಲು, 5 ಗಂಟೆ ಕೆಲಸ ಹಿಡಿಯಿತು ಎನ್ನಿ. 200 ರೂಪಾಯಿಗೆ ಮಾರಿದರೆ 80 ರೂಪಾಯಿ ‘ಲಾಭ’ ಎಂದು ಖುಷಿಪಡುತ್ತೇವೆ. ಅದು ಗಂಟೆಗೆ 16 ರೂಪಾಯಿ. ಕುಚ್ಚಿಗೆ 150 ರೂಪಾಯಿ ದಾರ, ಮಣಿ ಹೋಗಿ, 7 ಗಂಟೆ ಕುಳಿತು, 500 ತೆಗೆದುಕೊಂಡರೆ ಗಂಟೆಗೆ 50. ಹೀಗೆ ಬರೆದು ನೋಡಿದಾಗಲೇ ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಪ್ರೀತಿಗೆ ಮಾತ್ರ ಮಾಡಬೇಕು ಎಂದು ತಿಳಿಯುವುದು. ಮೊದಲು ಗಡಿಯಾರ ಇಟ್ಟುಕೊಂಡು ಒಂದು ಕುಚ್ಚಿಗೆ ಎಷ್ಟು ನಿಮಿಷ ಎಂದು ನೋಡಿ, ಬೆಲೆ ಹೇಳುವುದು ಆಮೇಲೆ.

‘ಮನೇಲಿ ಸುಮ್ನೆ ಕೂತಾಗ ಹಾಕಿದ್ದಲ್ವಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ’ ಎನ್ನುವ ಮಾತು ಕೇಳದ ಹೆಂಗಸಿಲ್ಲ. ಈ ಮಾತಿನ ಹಿಂದೆ ದೊಡ್ಡ ಕಥೆ ಇದೆ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಕ್ರೋಶಾ ಲೇಸು ಬಂತು. ಮನೆಗಳಲ್ಲಿ ಕುಳಿತು ಹೆಂಗಸರು ಹಾಕಿದ ಲೇಸು ಸಮುದ್ರದಾಚೆಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಆ ಹೆಂಗಸರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ದಿನವಿಡೀ ದುಡಿಯುವವರನ್ನು ‘ಪುರುಸೊತ್ತಿನಲ್ಲಿ ಲೇಸು ಹಾಕುವ ಗೃಹಿಣಿಯರು’ ಎಂದು ಕರೆದದ್ದರಿಂದಲೇ ಅವರಿಗೆ ಅಷ್ಟು ಕಡಿಮೆ ಕೂಲಿ ಕೊಡಲು ಸಾಧ್ಯವಾಯಿತು, ಲಾಭವೆಲ್ಲ ವ್ಯಾಪಾರಿಗಳ ಕೈ ಸೇರಿತು ಎಂದು ಅವರು ತೋರಿಸಿದರು. ಆದ್ದರಿಂದ ಯಾರಾದರೂ ‘ಪುರುಸೊತ್ತು’ ಎಂದಾಗ ಜಗಳ ಬೇಡ, ಮುಜುಗರವೂ ಬೇಡ. ‘ಏಳು ಗಂಟೆ ಕೆಲಸ ಅಮ್ಮ, ಬೆಲೆ ಇಷ್ಟೇ’ ಎಂದು ಹೇಳಿ ಸುಮ್ಮನಿರಿ. ಅಕ್ಕತಂಗಿಯರಿಗೆ ಪುಕ್ಕಟೆ ಹಾಕಿಕೊಡಿ, ಅದು ಬೇರೆ. ಗಿರಾಕಿಗೆ ಅರ್ಧ ಬೆಲೆಗೆ ಕೊಟ್ಟರೆ ಪಕ್ಕದ ಬೀದಿಯಲ್ಲಿ ಇದನ್ನೇ ನಂಬಿ ಬದುಕುವವಳ ಕೂಲಿಯೂ ಇಳಿಯುತ್ತದೆ.

14. ಯಂತ್ರ ಮಾಡದ ಕೆಲಸವನ್ನು ಮಾರಾಟಕ್ಕೆ ಆರಿಸಿ

ಹೆಣಿಗೆಯ ಯಂತ್ರ ಹಳೆಯದು. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಲೂಧಿಯಾನದ ಕಾರ್ಖಾನೆಯ ಸ್ವೆಟರಿನ ಬೆಲೆಗೆ ನಿಮ್ಮ ಕೈಹೆಣಿಗೆ ನಿಲ್ಲಲಾರದು, ಅದು ಮನೆಯವರ ಮೈಗೆ ಇರಲಿ. ಕ್ರೋಶಾ ಹಾಗಲ್ಲ, ಕಾರ್ಖಾನೆಗಳು ಅದನ್ನು ಇನ್ನೂ ಹಾಗೇ ಹಾಕುತ್ತಿಲ್ಲ. ಅಂಗಡಿಯಲ್ಲಿರುವ ಕ್ರೋಶಾ ವಸ್ತುವನ್ನು ಯಾರೋ ಕೈಯಿಂದಲೇ ಹಾಕಿರುತ್ತಾರೆ, ಇಲ್ಲವೇ ಅದು ಅನುಕರಣೆ. ಕುಚ್ಚು, ತೋರಣ, ಕೂಸಿನ ಕುಲಾವಿ, ಗೊಂಬೆ ಇವುಗಳಲ್ಲಿ ನಿಮ್ಮ ಕೈಗೆ ಪೈಪೋಟಿ ಕಡಿಮೆ.

15. ಜೊತೆ ಕುಳಿತುಕೊಳ್ಳಿ

ವಾರಕ್ಕೊಂದು ಮಧ್ಯಾಹ್ನ ನಾಲ್ಕು ಮನೆಯವರು ಸೇರಿ. ವೀಡಿಯೋದಲ್ಲಿ ಅರ್ಧ ದಿನ ಹುಡುಕುವ ತಪ್ಪನ್ನು ಪಕ್ಕದಲ್ಲಿ ಕುಳಿತವರು ಎರಡು ನಿಮಿಷದಲ್ಲಿ ಬೆರಳಿಟ್ಟು ತೋರಿಸುತ್ತಾರೆ. ನೂಲು, ಮಣಿ ಒಟ್ಟಿಗೆ ತಂದರೆ ಬೆಂಗಳೂರಿನ ಚಿಕ್ಕಪೇಟೆಯ ರಾಜಾ ಮಾರ್ಕೆಟ್ಟಿನಂಥ ಕಡೆ ಸಗಟು ದರವೂ ಸಿಗುತ್ತದೆ. ಜೊತೆಗೂಡಿದರೆ ಎಷ್ಟಾಗುತ್ತದೆ ನೋಡಿ: 2016ರ ಜನವರಿ 31ರಂದು ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗ 11,148.5 ಚದರ ಮೀಟರಿನ ಹೊದಿಕೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿತು. ಯಾರೂ ಒಬ್ಬರೇ ಅಷ್ಟು ದೊಡ್ಡದನ್ನು ಹಾಕಲಿಲ್ಲ. ಒಬ್ಬೊಬ್ಬರೂ ತಂತಮ್ಮ ಮನೆಯಲ್ಲಿ ಹಾಕಿದ್ದು ಚೌಕಗಳನ್ನು.

16. ಕೈ, ಕುತ್ತಿಗೆ, ಕಣ್ಣು

ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಜೋಮು ಹಿಡಿದರೆ ಆ ದಿನಕ್ಕೆ ಸಾಕು. ಕೆಲಸವನ್ನು ಮಡಿಲಲ್ಲಿ ದಿಂಬಿನ ಮೇಲಿಟ್ಟುಕೊಂಡರೆ ಕುತ್ತಿಗೆ ಬಗ್ಗುವುದು ತಪ್ಪುತ್ತದೆ. ರಾತ್ರಿ ಕಪ್ಪು ಸೀರೆಗೆ ಕುಚ್ಚು ಹಾಕಬೇಡಿ.

17. ಕೊಡುವಾಗ ಒಂದು ಚೀಟಿ

ಮಾರಿದರೂ ಸರಿ, ಮುಯ್ಯಿ ಮಾಡಿದರೂ ಸರಿ, ಒಂದು ಸಣ್ಣ ಚೀಟಿ ಜೊತೆಗಿರಲಿ. ಯಾವ ನೂಲು, ತಣ್ಣೀರೋ ಬೆಚ್ಚನೆ ನೀರೋ, ಇಸ್ತ್ರಿ ಹಾಕಬಹುದೇ, ನೇತುಹಾಕದೆ ಹರಡಿ ಒಣಗಿಸಬೇಕೇ ಎಂದು ಕನ್ನಡದಲ್ಲಿ ನಾಲ್ಕು ಸಾಲು. ಅದರ ಹಿಂದೆ ಅದೇ ಲಾಟಿನ ಎರಡು ಮೀಟರ್ ನೂಲು ಸುತ್ತಿಡಿ, ಮಣಿ ಇದ್ದರೆ ಹೆಚ್ಚಿಗೆ ಮೂರು ಮಣಿ. ಬಾಗಿಲ ಚಿಲಕಕ್ಕೆ ಸಿಕ್ಕಿ ಒಂದು ಕುಣಿಕೆ ಹರಿದರೆ, ಅಂಗಡಿ ಅಂಗಡಿ ಸುತ್ತಿದರೂ ಸಿಗದ ಬಣ್ಣ ಅವರ ಮನೆಯಲ್ಲೇ ಇರುತ್ತದೆ.